ಸಿಡಿಲಿನಿಂದ ರೂಟರ್, ಟಿವಿ, ಕಂಪ್ಯೂಟರ್ ಉಳಿಸಿಕೊಳ್ಳುವುದು ಹೇಗೆ? ಮೊದಲು ಮನೆಯೊಳಗೆ ಬರುವ ವೈರುಗಳನ್ನು ಎಣಿಸಿ

ಗುಡುಗು ಮಳೆ ನಿಂತ ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿರುತ್ತದೆ, ಬಲ್ಬ್ ಉರಿಯುತ್ತಿರುತ್ತದೆ, ಫ್ರಿಜ್ಜಿಗೂ ಏನೂ ಆಗಿರುವುದಿಲ್ಲ. ರೂಟರ್ ಮಾತ್ರ ಸತ್ತಿರುತ್ತದೆ. ಟಿವಿ ಆನ್ ಆಗುತ್ತದೆ, ಆದರೆ ಸೆಟ್ ಟಾಪ್ ಬಾಕ್ಸ್ ಸಿಕ್ಕಿಸಿದ್ದ ಎಚ್‌ಡಿಎಂಐ ಪೋರ್ಟ್ ಕೆಲಸ ಮಾಡುವುದಿಲ್ಲ. ಕಂಪ್ಯೂಟರ್ ಚೆನ್ನಾಗಿದೆ, ನೆಟ್‌ವರ್ಕ್ ಕೇಬಲ್ ಹಾಕುವ ಪೋರ್ಟ್ ಮಾತ್ರ ಹೋಗಿದೆ. ಇದು ಎಷ್ಟೋ ಮನೆಗಳಲ್ಲಿ ನಡೆಯುವ ಕಥೆ.

ಇದಕ್ಕೆ ಸರಳ ಕಾರಣವಿದೆ. ಫ್ಯಾನಿಗೆ, ಬಲ್ಬಿಗೆ ಹೊರಗಿನಿಂದ ಬರುವುದು ಕರೆಂಟಿನ ವೈರು ಮಾತ್ರ. ರೂಟರಿಗೆ ಎರಡು ಕಡೆಯಿಂದ ವೈರು ಬರುತ್ತದೆ: ಒಂದು ಅಡಾಪ್ಟರಿನದು, ಇನ್ನೊಂದು ಇಂಟರ್ನೆಟ್ಟಿನದು. ಟಿವಿಗೆ ಡಿಶ್ ಅಥವಾ ಕೇಬಲ್ ಇದ್ದರೆ ಅಲ್ಲೂ ಅದೇ. ಹತ್ತಿರದಲ್ಲಿ ಸಿಡಿಲು ಬಡಿದ ಕ್ಷಣ ಈ ಎರಡು ವೈರುಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಒಂದರಿಂದ ಒಳಗೆ ಬಂದ ಸರ್ಜ್, ಅಂದರೆ ಕ್ಷಣಕಾಲ ನುಗ್ಗುವ ವಿಪರೀತ ವೋಲ್ಟೇಜಿನ ಹೊಡೆತ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ನಡುವೆ ಸಿಕ್ಕಿಬಿದ್ದ ರೂಟರ್ ಸುಡುತ್ತದೆ.

ಅಂಥ ರೂಟರನ್ನು ಬಿಚ್ಚಿ ನೋಡಿ. ಅಡಾಪ್ಟರಿನ ಪಿನ್ ಹತ್ತಿರ ಏನೂ ಕಾಣಿಸದೇ ಇರಬಹುದು. ನೆಟ್‌ವರ್ಕ್ ಪೋರ್ಟಿನ ಹಿಂದೆ ಒಂದು ಚಿಕ್ಕ ಕಪ್ಪು ಚೌಕದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಪಕ್ಕದಲ್ಲಿ ಮಸಿ ಬಳಿದ ಹಾಗೆ ಕಲೆ ಇರುತ್ತದೆ. ಈ ಟ್ರಾನ್ಸ್‌ಫಾರ್ಮರ್ 1500 ವೋಲ್ಟ್ ತಡೆಯುವ ಹಾಗೆ ಮಾಡಿದ್ದು. ಸಿಡಿಲಿನ ಮುಂದೆ ಅದು ಏನೇನೂ ಅಲ್ಲ.

ಹಾಗಾಗಿ ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಮನೆಯೊಳಗೆ ಬರುವ ಪ್ರತಿಯೊಂದು ಲೋಹದ ವೈರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರೆಂಟಿನ ವೈರಿಗೆ ದುಬಾರಿ ರಕ್ಷಣೆ ಹಾಕಿ ಇಂಟರ್ನೆಟ್ ವೈರನ್ನು ಹಾಗೇ ಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ.

ಇಲ್ಲಿ ಕೊಟ್ಟಿರುವ ವೋಲ್ಟೇಜ್ ಅಂಕಿಗಳು 220ರಿಂದ 240 ವೋಲ್ಟ್ ಸರಬರಾಜು ಇರುವ ಕಡೆಗೆ ಹೊಂದುವಂಥವು.

ಹಂತ 1: ಮನೆ ಸುತ್ತ ಒಂದು ಸುತ್ತು ಹಾಕಿ

ಒಂದು ಹಾಳೆ, ಪೆನ್ನು ಹಿಡಿದು ಹೊರಗಿನಿಂದ ಮನೆ ನೋಡಿ. ಗೋಡೆ ದಾಟಿ ಒಳಗೆ ಬರುವ ಎಲ್ಲ ವೈರುಗಳನ್ನೂ ಬರೆದುಕೊಳ್ಳಿ. ಕರೆಂಟಿನ ಸರ್ವಿಸ್ ವೈರು, ಟೆಲಿಫೋನ್ ಜೋಡಿ ವೈರು, ಕೇಬಲ್ ಟಿವಿ, ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್ ಇಷ್ಟು ತಟ್ಟನೆ ನೆನಪಿಗೆ ಬರುತ್ತವೆ. ಜನ ಮರೆಯುವುದು ಬೇರೆಯವನ್ನು: ಹೊರಗಿನ ಕ್ಯಾಮೆರಾದ ವೈರು, ಗೇಟಿನ ಬೆಲ್, ಪಂಪ್ ಮೋಟಾರಿನ ವೈರು, ಚಾವಣಿಯ ಸೋಲಾರ್ ಪ್ಯಾನೆಲ್, ಅಂಗಳದ ದೀಪ, ಪಕ್ಕದ ಕಟ್ಟಡಕ್ಕೆ ಎಳೆದ ನೆಟ್‌ವರ್ಕ್ ಕೇಬಲ್.

ಪ್ರತಿ ವೈರಿನ ಮುಂದೆ ಅದು ಕೊನೆಗೆ ಯಾವ ಉಪಕರಣಕ್ಕೆ ಹೋಗುತ್ತದೆ ಅಂತ ಬರೆಯಿರಿ. ಒಂದೇ ಉಪಕರಣಕ್ಕೆ ಎರಡು ಅಥವಾ ಮೂರು ವೈರು ಬಂದಿದ್ದರೆ ಅದಕ್ಕೆ ಗುರುತು ಹಾಕಿ. ಮೊದಲು ಹೋಗುವುದು ಅವೇ. ಹೆಚ್ಚಿನ ಮನೆಗಳಲ್ಲಿ ಈ ಪಟ್ಟಿಯಲ್ಲಿ ಮೊದಲು ನಿಲ್ಲುವುದು ರೂಟರ್, ಸೆಟ್ ಟಾಪ್ ಬಾಕ್ಸ್, ಕ್ಯಾಮೆರಾ ರೆಕಾರ್ಡರ್.

ಸಿಡಿಲು ಮನೆಗೇ ಬಡಿಯಬೇಕು ಅಂತಿಲ್ಲ. ಕೆಲವು ನೂರು ಮೀಟರ್ ಆಚೆ ಬಡಿದರೂ ಸಾಕು. ಒಂದು ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ದೊಡ್ಡವು 2 ಲಕ್ಷ ಆಂಪಿಯರನ್ನೂ ದಾಟುತ್ತವೆ. ಇಷ್ಟು ಕರೆಂಟ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಏರಿದಾಗ ಸುತ್ತಲಿನ ಉದ್ದ ವೈರುಗಳಲ್ಲಿ, ಮುಟ್ಟದೆಯೇ, ವೋಲ್ಟೇಜ್ ಹುಟ್ಟುತ್ತದೆ. ನೆಲದ ವೋಲ್ಟೇಜ್ ಕೂಡ ಒಂದು ಕಡೆ ಏರಿ, ಸ್ವಲ್ಪ ದೂರದಲ್ಲಿ ಕಡಿಮೆ ಇರುತ್ತದೆ. ಉದ್ದ ಜಾಸ್ತಿ ಇದ್ದಷ್ಟೂ, ಹೊರಗೆ ತೂಗಾಡಿದಷ್ಟೂ ವೈರಿಗೆ ಅಪಾಯ ಜಾಸ್ತಿ.

ಹಂತ 2: ಗುಡುಗು ಹತ್ತಿರ ಬರುವ ಮುಂಚೆ ಕಿತ್ತಿಡಿ

ಯಾವ ಸರ್ಜ್ ಪ್ರೊಟೆಕ್ಟರೂ ವೈರು ಕಿತ್ತಿಡುವುದಕ್ಕೆ ಸಮ ಅಲ್ಲ. ಇದು ಖರ್ಚಿಲ್ಲದ ಉಪಾಯ, ಅತಿ ಗಟ್ಟಿಯಾದ ಉಪಾಯವೂ ಹೌದು. ಆದರೆ ಸರಿಯಾಗಿ ಮಾಡಬೇಕು.

ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು. ಗೋಡೆಯ ಸ್ವಿಚ್ ಸಾಮಾನ್ಯವಾಗಿ ಫೇಸ್ ವೈರನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್, ಅರ್ಥ್ ಎರಡೂ ಉಪಕರಣಕ್ಕೆ ಹಾಗೇ ಅಂಟಿಕೊಂಡಿರುತ್ತವೆ. ಕಡಿದ ಫೇಸಿನಲ್ಲೂ ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿಲಿಮೀಟರ್. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಹಾರಲು ಸುಮಾರು 3,000 ವೋಲ್ಟ್ ಸಾಕು. ಮೋಡದಿಂದ ನೆಲಕ್ಕೆ ಹಾರಿದ ಸಿಡಿಲಿಗೆ ಈ ಅಂತರ ಯಾವ ಲೆಕ್ಕ?

ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕಿತ್ತು, ಒಂದು ಮೊಳ ದೂರ ಇಡಿ. ಸಾಕೆಟ್ಟಿನ ಬಾಯಿಗೇ ತಾಗಿಕೊಂಡು ನೇತಾಡಬಾರದು. ಆಮೇಲೆ ಇಂಟರ್ನೆಟ್ ವೈರು, ಟೆಲಿಫೋನ್ ವೈರು, ಡಿಶ್ ಕೇಬಲ್ ಕೂಡ ಕೀಳಿ. ಕಿತ್ತ ಡಿಶ್ ಕೇಬಲಿನ ತುದಿಯನ್ನು ಟಿವಿಯ ಹಿಂದೆಯೇ ಬಿಡಬೇಡಿ, ಪಕ್ಕಕ್ಕೆ ಸರಿಸಿ. ರೂಟರಿನಿಂದ ಕಂಪ್ಯೂಟರಿಗೆ ಹೋಗುವ ಕೇಬಲ್ ಉದ್ದವಿದ್ದರೆ ಅದನ್ನೂ ಕೀಳುವುದು ಒಳ್ಳೆಯದು.

ಯಾವಾಗ ಕೀಳಬೇಕು? ಮಿಂಚು ಕಂಡ ತಕ್ಷಣ ಸೆಕೆಂಡ್ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಗುಡುಗು 30 ಸೆಕೆಂಡಿನೊಳಗೆ ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗೆ ಬಂದಿದೆ ಅಂತ ಅರ್ಥ. ಆಗ ಅದು ಮುಂದಿನ ಸಲ ನಿಮ್ಮ ಬೀದಿಯಲ್ಲೇ ಬೀಳಬಹುದು. ಅಷ್ಟರೊಳಗೆ ಕಿತ್ತು ಮುಗಿದಿರಬೇಕು. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಆದ ಮೇಲೆ ವಾಪಸ್ ಹಾಕಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರೆಲ್ಲರಿಗೂ ಹೇಳಿ. ತಲೆಯ ಮೇಲೆ ಗುಡುಗುತ್ತಿರುವಾಗ ಓಡಿ ಹೋಗಿ ಪ್ಲಗ್ ಕೀಳಬೇಡಿ. ಆ ಹೊತ್ತಿನಲ್ಲಿ ವೈರು ಹಿಡಿದ ಕೈಯೇ ಸಿಡಿಲಿನ ದಾರಿ ಆಗಬಹುದು. ವೈರಿರುವ ಫೋನಿನಲ್ಲಿ ಮಾತಾಡುವುದು, ಚಾರ್ಜಿಗೆ ಹಾಕಿದ ಫೋನ್ ಹಿಡಿದು ಕೂರುವುದು, ವೈರಿರುವ ಹೆಡ್‌ಫೋನ್ ಹಾಕಿಕೊಂಡು ಡೆಸ್ಕ್‌ಟಾಪ್ ಮುಂದೆ ಕೂರುವುದು ಎಲ್ಲವೂ ಬೇಡ. ತಡವಾಯಿತು ಅನ್ನಿಸಿದರೆ ಬಿಟ್ಟುಬಿಡಿ. ಟಿವಿ ಇನ್ನೊಂದು ಬರುತ್ತದೆ.

ಮನೆ ಬಿಟ್ಟು ನಾಲ್ಕು ದಿನ ಹೊರಗೆ ಹೋಗುವವರು ಹೊರಡುವ ದಿನವೇ ಇದನ್ನೆಲ್ಲ ಕಿತ್ತಿಟ್ಟು ಹೋಗುವುದು ವಾಸಿ. ರಾತ್ರಿ ಮಲಗುವಾಗ ಮೋಡ ಕಟ್ಟಿದ್ದರೂ ಹಾಗೇ ಮಾಡಿ.

ಕಿತ್ತರೆ ಇಂಟರ್ನೆಟ್ ಇಲ್ಲ, ಕೆಲಸ ನಿಲ್ಲುತ್ತದೆ, ಅಲ್ವಾ? ಫೈಬರ್ ಸಂಪರ್ಕ ಇರುವವರಿಗೆ ಒಂದು ಚಂದದ ದಾರಿಯಿದೆ. ರೂಟರಿಗಾಗಿಯೇ ಸಿಗುವ ಚಿಕ್ಕ ಬ್ಯಾಟರಿ ಯುಪಿಎಸ್ ತನ್ನಿ. ಮೋಡ ಕಂಡಾಗ ಅದರ ಅಡಾಪ್ಟರನ್ನು ಗೋಡೆಯಿಂದ ಕಿತ್ತುಬಿಡಿ. ಫೈಬರ್ ಅಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಬೇರೆ ನೆಟ್‌ವರ್ಕ್ ಕೇಬಲುಗಳನ್ನೂ ಕಿತ್ತರೆ ಹೊರಗಿನ ಯಾವ ತಾಮ್ರದ ವೈರೂ ರೂಟರಿಗೆ ತಾಗಿರುವುದಿಲ್ಲ. ಬ್ಯಾಟರಿ ಮೇಲೆ ಓಡುವ ಲ್ಯಾಪ್‌ಟಾಪ್, ವೈಫೈ, ಫೋನ್ ಇಷ್ಟೇ ಇಟ್ಟುಕೊಂಡು ಮಳೆಯುದ್ದಕ್ಕೂ ಕೆಲಸ ಮಾಡಬಹುದು. ಮನೆಯಿಂದ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವ ವ್ಯವಸ್ಥೆ ಇದೇ.

ಹಂತ 3: ಅರ್ಥಿಂಗ್ ಸರಿ ಇದೆಯಾ ನೋಡಿಸಿ

ಸದಾ ಕಿತ್ತಿಡಲು ಆಗುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗಲೂ ಸಿಡಿಲು ಬರುತ್ತದೆ. ಅದಕ್ಕೇ ರಕ್ಷಣೆಯ ಉಪಕರಣ ಬೇಕು. ಆದರೆ ಅದಕ್ಕಿಂತ ಮುಂಚೆ ಅರ್ಥಿಂಗ್ ಬೇಕು.

ಸರ್ಜ್ ಪ್ರೊಟೆಕ್ಟರ್ ಮಾಡುವ ಕೆಲಸ ಕೆರೆಯ ಕೋಡಿಯದು. ನೀರು ಮಟ್ಟ ಮೀರಿದಾಗ ಮಾತ್ರ ಹೆಚ್ಚಾದದ್ದನ್ನು ಪಕ್ಕಕ್ಕೆ ಹರಿಸುತ್ತದೆ. ಹರಿದದ್ದು ಹೋಗಲು ಕಾಲುವೆ ಬೇಕಲ್ಲ, ಆ ಕಾಲುವೆಯೇ ಅರ್ಥಿಂಗ್. ಅರ್ಥ್ ವೈರು ತುಂಡಾಗಿದ್ದರೆ ಎಷ್ಟೇ ಒಳ್ಳೆಯ ಪ್ರೊಟೆಕ್ಟರ್ ಇದ್ದರೂ ಸರಿಯಾಗಿ ಕೆಲಸ ಮಾಡಲಾರದು.

ಎಲೆಕ್ಟ್ರಿಷಿಯನ್ ಕರೆಸಿ ಪ್ರತಿ ಮೂರು ಪಿನ್ ಸಾಕೆಟ್ ನೋಡಿಸಿ. ಮಲ್ಟಿಮೀಟರ್ ಹಿಡಿದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬರುವಷ್ಟೇ ವೋಲ್ಟೇಜ್, ಹೆಚ್ಚೂಕಡಿಮೆ, ಫೇಸ್ ಮತ್ತು ಅರ್ಥ್ ನಡುವೆಯೂ ಬರಬೇಕು. ತುಂಬಾ ಕಡಿಮೆ ಬಂದರೆ ಅಲ್ಲಿ ಅರ್ಥ್ ಇಲ್ಲ, ಬರೀ ತೂತು ಇದೆ ಅಂತ ಅರ್ಥ. ಆದರೆ ಮೀಟರಿನಲ್ಲಿ ಸರಿಯಾದ ಅಂಕಿ ಬಂದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿ ಇದೆ ಅಂತ ಹೇಳಲಾಗದು. ಮಲ್ಟಿಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ, ತುಕ್ಕು ಹಿಡಿದ ಸಡಿಲ ಜೋಡಣೆಯಲ್ಲೂ ಅದು ಅಂಕಿ ತೋರಿಸುತ್ತದೆ. ಅರ್ಥ್ ಟೆಸ್ಟರ್ ಇರುವವರಿಂದಲೇ ಅಳೆಸಿ. ನೆಲದಲ್ಲಿರುವ ಅರ್ಥ್ ಕಂಬಿಯ ಬೋಲ್ಟ್ ಬಿಗಿ ಇದೆಯಾ, ತುಕ್ಕು ಹಿಡಿದಿದೆಯಾ ಅಂತ ಕಣ್ಣಾರೆ ನೋಡಿಸಿ.

ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ ತೂತಿಗೆ ಹಾಕಿಸುವ ಚಿಕ್ಕ ಅಡಾಪ್ಟರ್ ಬಳಸುತ್ತಿದ್ದರೆ ಇವತ್ತೇ ಬಿಸಾಕಿ. ಅರ್ಥ್ ಕಡಿದುಹೋಗುವುದು ಅಲ್ಲೇ. ಅರ್ಥ್ ಇಲ್ಲದ ಸಾಕೆಟ್ಟಿನಲ್ಲಿ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಜೋಡಿಸಿಬಿಡುವ ಅಭ್ಯಾಸ ಕೆಲವರಿಗಿದೆ. ಅದು ಜೀವಕ್ಕೇ ಅಪಾಯ. ಎಂದೂ ಒಪ್ಪಬೇಡಿ.

ಡಿಶ್ಶಿಗೊಂದು ಅರ್ಥ್, ಇಂಟರ್ನೆಟ್ಟಿಗೊಂದು ಅರ್ಥ್, ಕರೆಂಟಿಗೊಂದು ಅರ್ಥ್ ಅಂತ ಬೇರೆ ಬೇರೆ ಕಂಬಿ ಹೂಳಿ ಅವುಗಳನ್ನು ಜೋಡಿಸದೇ ಬಿಡುವುದು ದೊಡ್ಡ ತೊಂದರೆ. ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಾರೆ. ಸಿಡಿಲು ಬಿದ್ದಾಗ ನೆಲದ ಎರಡು ಜಾಗಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಇರುತ್ತದೆ ಅಂತ ಮೇಲೆ ಹೇಳಿದೆನಲ್ಲ, ಆ ವ್ಯತ್ಯಾಸ ಟಿವಿಯ ಒಳಗೇ ಬಂದು ಕೂರುತ್ತದೆ. ಎಷ್ಟು ಕಂಬಿ ಇದ್ದರೂ ಸರಿ, ಎಲ್ಲವನ್ನೂ ದಪ್ಪ ತಾಮ್ರದ ವೈರಿನಿಂದ ಒಂದಕ್ಕೊಂದು ಬೆಸೆದಿರಬೇಕು. ಮನೆಯ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಉಪಕರಣದ ಒಳಗೆ ಕರೆಂಟ್ ಹರಿಯಲು ಕಾರಣವೇ ಇರುವುದಿಲ್ಲ.

ಹಂತ 4: ಮೈನ್ ಬೋರ್ಡಿನಲ್ಲಿ ಎಸ್‌ಪಿಡಿ ಹಾಕಿಸಿ

ಎಸ್‌ಪಿಡಿ ಅಂದರೆ ಸರ್ಜ್ ಪ್ರೊಟೆಕ್ಷನ್ ಡಿವೈಸ್. ಎಂಸಿಬಿಯ (ಹೊರೆ ಜಾಸ್ತಿ ಆದಾಗ ತಾನೇ ಬೀಳುವ ಸ್ವಿಚ್) ಪಕ್ಕ, ಅದೇ ಹಳಿಯ ಮೇಲೆ ಕೂರುವ ಚಿಕ್ಕ ಡಬ್ಬಿ. ಒಳಗೆ ವೇರಿಸ್ಟರ್ ಇರುತ್ತದೆ, ಕೆಲವದರಲ್ಲಿ ಅಂಥದ್ದೇ ಕೆಲಸ ಮಾಡುವ, ಅನಿಲ ತುಂಬಿದ ಗ್ಯಾಸ್ ಟ್ಯೂಬ್ ಕೂಡ. ಮಾಮೂಲಿ ವೋಲ್ಟೇಜಿನಲ್ಲಿ ವೇರಿಸ್ಟರ್ ಸುಮ್ನೆ ಇರುತ್ತದೆ. ಸರ್ಜ್ ಬಂದಾಗ ಬಾಯಿ ತೆರೆದು ಅರ್ಥಿನ ಕಡೆ ಹರಿಸುತ್ತದೆ.

ಇದರಲ್ಲಿ ಮೂರು ವಿಧ. ಟೈಪ್ 1, ನೇರ ಸಿಡಿಲಿನ ಕರೆಂಟಿನ ಪಾಲನ್ನು ತಡೆದುಕೊಳ್ಳುವಂಥದ್ದು. ಕಟ್ಟಡದ ಮೇಲೆ ಸಿಡಿಲು ಕಂಬಿ ಇದ್ದರೆ ಇದು ಬೇಕೇ ಬೇಕು. ಸರ್ವಿಸ್ ವೈರು ಕಂಬದಿಂದ ಗಾಳಿಯಲ್ಲಿ ತೂಗಿಕೊಂಡು ಬರುವ ಒಂಟಿ ಮನೆಗೂ ಇದು ಒಳ್ಳೆಯದು. ಟೈಪ್ 2, ಹೆಚ್ಚಿನ ಮನೆಗಳ ಮೈನ್ ಬೋರ್ಡಿಗೆ ಹಾಕುವಂಥದ್ದು. ಟೈಪ್ 3, ಉಪಕರಣದ ಪಕ್ಕ ಸಾಕೆಟ್ಟಿನಲ್ಲಿ ಹಾಕುವಂಥದ್ದು. 1 ಮತ್ತು 2 ಸೇರಿದ ಡಬ್ಬಿಗಳೂ ಸಿಗುತ್ತವೆ.

ಕೊಳ್ಳುವಾಗ ಮೈ ಮೇಲಿನ ಅಂಕಿ ಓದಿ. ಅದು ಸತತವಾಗಿ ತಾಳುವ ವೋಲ್ಟೇಜ್ ಎಷ್ಟು ಅಂತ ಬರೆದಿರುತ್ತಾರೆ, ಯುಸಿ ಅನ್ನುವ ಗುರುತು. 275 ಅಥವಾ 320 ಇರುವುದು ಸಾಮಾನ್ಯ. ವೋಲ್ಟೇಜ್ ಆಗಾಗ ಏರುವ ಕಡೆ 320 ತೆಗೆದುಕೊಳ್ಳಿ, ಇಲ್ಲದಿದ್ದರೆ ಮಾಮೂಲಿ ಏರಿಳಿತಕ್ಕೇ ಅದು ಬಿಸಿಯಾಗಿ ಸವೆಯುತ್ತದೆ. ಯುಪಿ ಅನ್ನುವ ಗುರುತಿನ ಅಂಕಿ, ಸರ್ಜ್ ಬಂದಾಗಲೂ ಎಷ್ಟು ವೋಲ್ಟೇಜ್ ಒಳಗೆ ಹೋಗಬಹುದು ಅನ್ನುವುದನ್ನು ಹೇಳುತ್ತದೆ. ಇದು 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಮನೆಯ ಸಾಮಾನ್ಯ ಉಪಕರಣಗಳನ್ನು 2.5 ಕಿಲೋವೋಲ್ಟ್ ತಾಳುವ ಲೆಕ್ಕದಲ್ಲಿ ಮಾಡುತ್ತಾರೆ, ನಾಜೂಕಾದವನ್ನು 1.5ಕ್ಕೆ.

ಈಗ ಬಹಳ ಕಡೆ ತಪ್ಪಿಹೋಗುವ ಒಂದು ಚಿಕ್ಕ ವಿಷಯ. ಎಸ್‌ಪಿಡಿಗೆ ಹೋಗುವ ವೈರು ಗಿಡ್ಡ ಇರಬೇಕು. ಫೇಸಿನಿಂದ ಎಸ್‌ಪಿಡಿಗೆ, ಎಸ್‌ಪಿಡಿಯಿಂದ ಅರ್ಥ್ ಪಟ್ಟಿಗೆ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಯಾಕೆ ಅಂದರೆ, ಸಿಡಿಲಿನಷ್ಟು ವೇಗವಾಗಿ ಏರುವ ಕರೆಂಟಿಗೆ ನೇರವಾದ ತಾಮ್ರದ ವೈರೂ ಅಡ್ಡಿಯೇ. 10,000 ಆಂಪಿಯರಿನ ಸರ್ಜ್ ಹರಿಯುವಾಗ ಪ್ರತಿ ಮೀಟರ್ ವೈರಿನಲ್ಲಿ 1,000 ವೋಲ್ಟಿಗೂ ಜಾಸ್ತಿ ಉಳಿದುಬಿಡುತ್ತದೆ. ಅಂದವಾಗಿ ಕಾಣಲಿ ಅಂತ ವೈರನ್ನು ಬೋರ್ಡಿನ ಸುತ್ತ ಸುತ್ತಿಸಿ ತಂದರೆ ಒಳ್ಳೆಯ ಎಸ್‌ಪಿಡಿಯೂ ಕೆಟ್ಟ ಎಸ್‌ಪಿಡಿ ಆಗುತ್ತದೆ. ವೈರನ್ನು ಸುರುಳಿ ಮಾಡುವುದಂತೂ ಬೇಡವೇ ಬೇಡ. ದಪ್ಪವೂ ಮುಖ್ಯ: ಟೈಪ್ 2ರ ಅರ್ಥ್ ವೈರು ಕನಿಷ್ಠ 6 ಚದರ ಮಿಲಿಮೀಟರ್, ಟೈಪ್ 1ರದು 16. ತಯಾರಕರು ಹೇಳಿದ ಫ್ಯೂಸ್ ಅಥವಾ ಎಂಸಿಬಿಯೂ ಅದರ ಹಿಂದೆ ಇರಲಿ. ಕೆಲಸ ಮುಗಿದ ಮೇಲೆ ಮುಚ್ಚಳ ಹಾಕುವ ಮುಂಚೆ ನೀವೇ ಒಮ್ಮೆ ಕಣ್ಣಿಂದ ಅಳೆದು ನೋಡಿ. ಒಳಗೆ ಕೈ ಹಾಕಬೇಡಿ, ನೋಡಿದರೆ ಸಾಕು.

ಎಸ್‌ಪಿಡಿಯ ಮುಖದ ಮೇಲೆ ಒಂದು ಪುಟ್ಟ ಕಿಟಕಿ ಇರುತ್ತದೆ. ಹಸಿರು ಇದ್ದರೆ ಬದುಕಿದೆ, ಕೆಂಪಾದರೆ ಮುಗಿದಿದೆ. ವೇರಿಸ್ಟರ್ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುವ ವಸ್ತು. ದೊಡ್ಡ ಗುಡುಗು ಮಳೆ ಆದ ಮೇಲೆ ಕಿಟಕಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಬೋರ್ಡಿನಿಂದ ಹೊರಗೆ ಎಳೆದು ಬದಲಾಯಿಸುವ ಕಾರ್ಟ್ರಿಜ್ ಇರುವಂಥದ್ದನ್ನೇ ಕೊಂಡರೆ ಮುಂದೆ ಸುಲಭ.

ಹಂತ 5: ಉಪಕರಣದ ಪಕ್ಕ ಎರಡನೇ ಕಾವಲು

ಮೈನ್ ಬೋರ್ಡಿನಿಂದ ವೈರು 10 ಮೀಟರಿಗಿಂತ ಜಾಸ್ತಿ ಓಡಿದರೆ ಅಲ್ಲಿಯ ಎಸ್‌ಪಿಡಿ ಒಂದೇ ಸಾಲದು. ಟಿವಿ ಹತ್ತಿರ, ಕಂಪ್ಯೂಟರ್ ಹತ್ತಿರ ಸಾಕೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ.

ಇಲ್ಲಿ ಹುಷಾರಾಗಿರಿ. ಕೆಂಪು ದೀಪ, ಸ್ವಿಚ್ ಇದ್ದ ಮಾತ್ರಕ್ಕೆ ಎಕ್ಸ್‌ಟೆನ್ಶನ್ ಬೋರ್ಡ್ ಸರ್ಜ್ ಪ್ರೊಟೆಕ್ಟರ್ ಆಗುವುದಿಲ್ಲ. ಜೂಲ್ (ಹೊಡೆತದ ಎಷ್ಟು ಶಕ್ತಿಯನ್ನು ನುಂಗಬಲ್ಲದು ಅನ್ನುವ ಅಳತೆ) ಎಷ್ಟು, ಸರ್ಜನ್ನು ಎಷ್ಟು ವೋಲ್ಟಿಗೆ ಕಟ್ಟಿಹಾಕುತ್ತದೆ, ಯಾವ ಮಾನದಂಡದಲ್ಲಿ ಪರೀಕ್ಷೆ ಆಗಿದೆ ಅಂತ ಬರೆದಿರಬೇಕು. ಐಇಸಿ 61643-11 ಅನ್ನುವುದು ಈ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ. ಏನೂ ಬರೆದಿಲ್ಲ ಅಂದರೆ ಅದು ಬರೀ ಬೋರ್ಡು. ಜೂಲ್ ಅಂಕಿ 1,000ಕ್ಕಿಂತ ಜಾಸ್ತಿ ಇದ್ದರೆ ಪರವಾಗಿಲ್ಲ. ಫೇಸ್, ನ್ಯೂಟ್ರಲ್, ಅರ್ಥ್ ಈ ಮೂರರಲ್ಲಿ ಯಾವ ಎರಡರ ನಡುವೆ ಸರ್ಜ್ ಬಂದರೂ ತಡೆಯುವಂಥದ್ದು ಇರಲಿ. ರಕ್ಷಣೆ ಮುಗಿದಿದೆ ಅಂತ ತಿಳಿಸುವ ದೀಪವೂ ಬೇಕು. ಇಲ್ಲದಿದ್ದರೆ ಒಳಗಿನ ವೇರಿಸ್ಟರ್ ಸತ್ತು ಎಷ್ಟೋ ಕಾಲ ಆದರೂ ನಿಮಗೆ ಗೊತ್ತೇ ಆಗುವುದಿಲ್ಲ, ಕರೆಂಟ್ ಮಾತ್ರ ಬರುತ್ತಲೇ ಇರುತ್ತದೆ.

ಒಂದು ಪ್ರೊಟೆಕ್ಟರಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಯುಪಿಎಸ್ ಇದ್ದರೆ ಅದರ ಮುಂದೆ, ಅಂದರೆ ಗೋಡೆ ಮತ್ತು ಯುಪಿಎಸ್ ನಡುವೆ ಪ್ರೊಟೆಕ್ಟರ್ ಇರಲಿ, ಹಿಂದೆ ಬೇಡ.

ಟೆಲಿಫೋನ್ ವೈರು, ಡಿಶ್ ಕೇಬಲ್ ಅಥವಾ ನೆಟ್‌ವರ್ಕ್ ಕೇಬಲ್ ಕೂಡ ಹಾದುಹೋಗುವ ತೂತುಗಳಿರುವ ಪ್ರೊಟೆಕ್ಟರ್ ಸಿಗುತ್ತವೆ. ತಾಮ್ರದ ಇಂಟರ್ನೆಟ್ ಇರುವವರು ಅಂಥದ್ದನ್ನೇ ಆರಿಸಿ, ಆ ಉಪಕರಣಕ್ಕೆ ಬರುವ ಎಲ್ಲ ವೈರನ್ನೂ ಅದೊಂದರ ಮೂಲಕವೇ ತನ್ನಿ. ಪವರ್ ಮಾತ್ರ ಅದರ ಮೂಲಕ, ಟೆಲಿಫೋನ್ ವೈರು ನೇರ ಅಂತ ಮಾಡಿದರೆ ಕೆಡುಕೇ ಆಗಬಹುದು. ಸರ್ಜನ್ನು ಅರ್ಥ್ ವೈರಿಗೆ ಹರಿಸಿದಾಗ ಆ ಉದ್ದ ಅರ್ಥ್ ವೈರಿನಲ್ಲೇ ಸಾವಿರಾರು ವೋಲ್ಟ್ ಏರುತ್ತದೆ. ಟೆಲಿಫೋನ್ ವೈರು ಏರಿರುವುದಿಲ್ಲ. ಎರಡರ ನಡುವೆ ರೂಟರ್.

ಹಂತ 6: ಇಂಟರ್ನೆಟ್, ಡಿಶ್, ಕ್ಯಾಮೆರಾ ವೈರುಗಳು

ತಾಮ್ರದ ಟೆಲಿಫೋನ್ ವೈರಿನಲ್ಲಿ ಇಂಟರ್ನೆಟ್ ಬರುತ್ತಿದ್ದು, ಫೈಬರ್ ಸಿಗುವ ಹಾಗಿದ್ದರೆ ಬದಲಾಯಿಸಿಕೊಳ್ಳಿ. ವೇಗದ ಮಾತು ಬಿಡಿ, ಸಿಡಿಲಿನ ದೃಷ್ಟಿಯಿಂದಲೇ ಅದು ಲಾಭ. ಆದರೆ ಒಂದು ವಿಷಯ ನೋಡಿಕೊಳ್ಳಿ. ಕಂಬದಿಂದ ಬರುವ ಕೆಲವು ಫೈಬರ್ ಕೇಬಲುಗಳಲ್ಲಿ ತೂಕ ತಡೆಯಲು ಒಂದು ಸ್ಟೀಲ್ ತಂತಿ ಇರುತ್ತದೆ. ಗಾಜಿನಲ್ಲಿ ಬಾರದ ಸರ್ಜ್ ಆ ತಂತಿಯಲ್ಲಿ ಬರಬಹುದು. ಕೇಬಲ್ ಗೋಡೆಗೆ ತಲುಪಿದ ಕಡೆಯೇ ತಂತಿಯನ್ನು ಬೇರ್ಪಡಿಸಿ, ಹೊರಗೇ ಕೊಕ್ಕೆಗೆ ಕಟ್ಟಿ ಕಡಿದುಬಿಡಲು ಹೇಳಿ. ಒಳಗೆ ಬರುವುದು ಫೈಬರ್ ಮಾತ್ರ ಆಗಿರಲಿ.

ತಾಮ್ರವೇ ಗತಿ ಅನ್ನುವವರು, ಆ ವೈರು ಮನೆಯೊಳಗೆ ಬರುವ ಜಾಗದಲ್ಲೇ ಟೆಲಿಫೋನ್ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದರ ಅರ್ಥ್ ವೈರು ಮೈನ್ ಬೋರ್ಡಿನ ಅರ್ಥ್ ಪಟ್ಟಿಗೇ ಸೇರಬೇಕು. ಡಿಶ್ ಮತ್ತು ಕೇಬಲ್ ಟಿವಿಗೂ ಇದೇ ಲೆಕ್ಕ: ಗ್ಯಾಸ್ ಟ್ಯೂಬ್ ಇರುವ ಪ್ರೊಟೆಕ್ಟರ್, ಮನೆಯೊಳಗೆ ಬರುವ ಬಾಗಿಲಲ್ಲೇ. ಡಿಶ್ಶಿನ ಕಂಬವನ್ನೂ ಅದೇ ಅರ್ಥಿಗೆ ಜೋಡಿಸಿ. ಕರೆಂಟಿನ ವೈರು ಮನೆಯ ಒಂದು ಮೂಲೆಯಲ್ಲಿ, ಇಂಟರ್ನೆಟ್ ಇನ್ನೊಂದು ಮೂಲೆಯಲ್ಲಿ ಒಳಗೆ ಬಂದರೆ ಈ ಜೋಡಣೆ ಉದ್ದವಾಗಿ ಕೆಲಸ ಕೆಡುತ್ತದೆ. ಹೊಸ ಮನೆ ಕಟ್ಟುವವರು ಎಲ್ಲ ವೈರೂ ಒಂದೇ ಕಡೆಯಿಂದ ಒಳಗೆ ಬರುವ ಹಾಗೆ ಪೈಪ್ ಹಾಕಿಸಲಿ. ಗೋಡೆ ಏಳುವ ಮುಂಚೆ ಇದಕ್ಕೆ ಹೆಚ್ಚು ಖರ್ಚೇ ಇಲ್ಲ, ಆಮೇಲೆ ಗೋಡೆ ಒಡೆಯಬೇಕು.

ಎರಡು ಕಟ್ಟಡಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯುವುದು ನನ್ನ ಪ್ರಕಾರ ಬೇಡವೇ ಬೇಡ. ಪಕ್ಕದ ಮನೆಗೆ, ಶೆಡ್ಡಿಗೆ, ತೋಟದ ಕೋಣೆಗೆ ಇಂಟರ್ನೆಟ್ ಬೇಕಾದರೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲಿಗೆ ಸೇರಿಸುವ ಡಬ್ಬಿ) ಹಾಕಿ. ಇಲ್ಲವೇ ವೈಫೈ ಮೂಲಕ ಕಳಿಸಿ. ಎರಡು ಕಟ್ಟಡಗಳ ಅರ್ಥ್ ಬೇರೆ ಬೇರೆ, ಅವುಗಳ ನಡುವಿನ ವ್ಯತ್ಯಾಸವನ್ನೆಲ್ಲ ಆ ತೆಳು ಕೇಬಲ್ಲೇ ಹೊರಬೇಕಾಗುತ್ತದೆ.

ಹೊರಗಿನ ಕ್ಯಾಮೆರಾಗಳ ಕೇಬಲ್ ನೇರವಾಗಿ ಮುಖ್ಯ ರೂಟರಿಗೆ ಹೋಗಬಾರದು. ಅವುಗಳಿಗೆ ಒಂದು ಬೇರೆ ಅಗ್ಗದ ನೆಟ್‌ವರ್ಕ್ ಸ್ವಿಚ್ (ಹಲವು ನೆಟ್‌ವರ್ಕ್ ಕೇಬಲುಗಳನ್ನು ಸೇರಿಸುವ ಡಬ್ಬಿ) ಇಡಿ, ಆ ಸ್ವಿಚ್ಚಿನಿಂದ ರೂಟರಿಗೆ ಫೈಬರ್ ತುಂಡು ಹಾಕಿ. ಹೊಡೆತ ಬಿದ್ದರೆ ಆ ಸ್ವಿಚ್ ಹೋಗಬಹುದು, ಒಳಗಿನದು ಉಳಿಯುತ್ತದೆ. ಸೋಲಾರ್ ಪ್ಯಾನೆಲ್ ಇದ್ದರೆ ಅದರ ಡಿಸಿ ಕಡೆಗೆ ಡಿಸಿಗಾಗಿಯೇ ಮಾಡಿದ ಎಸ್‌ಪಿಡಿ ಬೇಕು, ಎಸಿಯದು ಆಗುವುದಿಲ್ಲ.

ಹಂತ 7: ಸಿಡಿಲಿಲ್ಲದೆಯೂ ಸುಡುವ ವೋಲ್ಟೇಜ್

ಆಕಾಶ ತಿಳಿಯಾಗಿದ್ದಾಗಲೂ ಮನೆಯ ಅರ್ಧ ಸಾಮಾನು ಒಂದೇ ಏಟಿಗೆ ಹೋಗಬಹುದು. ಮೂರು ಫೇಸ್ ಸರಬರಾಜಿನಲ್ಲಿ ನ್ಯೂಟ್ರಲ್ ವೈರು ಕಡಿದರೆ, ಕಡಿಮೆ ಹೊರೆ ಇರುವ ಫೇಸಿನ ವೋಲ್ಟೇಜ್ 230ರಿಂದ ಮೇಲೇರಿ 400ರ ಹತ್ತಿರ ಹೋಗಬಹುದು. ಟಿವಿ, ಚಾರ್ಜರುಗಳ ಒಳಗೆ ಬರುವ ಎಸಿಯನ್ನು ಡಿಸಿ ಮಾಡುತ್ತಾರೆ. 230 ಎಸಿಯಿಂದ ಸುಮಾರು 325 ವೋಲ್ಟ್ ಡಿಸಿ ಬರುತ್ತದೆ, 400ರಿಂದ ಸುಮಾರು 565. ಅಲ್ಲಿ ಕೂತಿರುವ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ಅದು ಉಬ್ಬಿ, ಢಬ್ ಅಂತ ಒಡೆಯುತ್ತದೆ.

ಇದಕ್ಕೆ ಎಸ್‌ಪಿಡಿ ಮದ್ದಲ್ಲ. ಎಸ್‌ಪಿಡಿ ಮೈಕ್ರೋಸೆಕೆಂಡುಗಳ ಹೊಡೆತಕ್ಕೆ ಮಾಡಿದ್ದು, ನಿಮಿಷಗಟ್ಟಲೆ ಬರುವ ಹೆಚ್ಚು ವೋಲ್ಟೇಜಿಗೆ ಅದೇ ಬಿಸಿಯಾಗಿ ಸಾಯುತ್ತದೆ. ಬೇಕಾದದ್ದು ಓವರ್ ವೋಲ್ಟೇಜ್ ಪ್ರೊಟೆಕ್ಟರ್. ವೋಲ್ಟೇಜ್ ಸುಮಾರು 270 ದಾಟಿದರೆ ಪೂರ್ತಿ ಕಡಿದುಬಿಡುತ್ತದೆ, ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ವಾಪಸ್ ಕೊಡುತ್ತದೆ. ಈ ಕಾಯುವ ಹೊತ್ತನ್ನು ಮೂರು ನಿಮಿಷಕ್ಕೆ ಇಡಿ, ಫ್ರಿಜ್ಜಿನ ಕಂಪ್ರೆಸರಿಗೂ ಅದು ಒಳ್ಳೆಯದು. ಪ್ರೊಟೆಕ್ಟರ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದ ಕೂಡಲೇ ಟಿವಿ, ಕಂಪ್ಯೂಟರ್ ಪ್ಲಗ್ ಕೀಳಿ. ಕರೆಂಟ್ ಬಂದು ವೋಲ್ಟೇಜ್ ನೆಲೆಯಾದ ಮೇಲೆ ಹಾಕಿ. ಬಲ್ಬುಗಳು ಇದ್ದಕ್ಕಿದ್ದಂತೆ ಕೆಲವು ಕಡೆ ಪ್ರಖರವಾಗಿ, ಕೆಲವು ಕಡೆ ಮಂಕಾಗಿ ಉರಿದರೆ ತಡ ಮಾಡದೆ ಮೈನ್ ಸ್ವಿಚ್ ಆಫ್ ಮಾಡಿ.

ಇವುಗಳನ್ನು ನಂಬಿ ಕೂರಬೇಡಿ

ಎಂಸಿಬಿ ಇರುವುದು ಹೊರೆ ಜಾಸ್ತಿ ಆದಾಗ, ಶಾರ್ಟ್ ಆದಾಗ ಕಡಿಯಲು. ಅದಕ್ಕೆ ಮಿಲಿಸೆಕೆಂಡುಗಳು ಬೇಕು, ಅಷ್ಟರಲ್ಲಿ ಸಿಡಿಲು ಬಂದು ಹೋಗಿ ಆಗಿರುತ್ತದೆ. ಆರ್‌ಸಿಸಿಬಿ ಮನುಷ್ಯರನ್ನು ಶಾಕಿನಿಂದ ಉಳಿಸುತ್ತದೆ, ಅದು ಇರಲೇಬೇಕು, ಆದರೆ ಟಿವಿಯನ್ನು ಅದು ಕಾಯುವುದಿಲ್ಲ. ಸ್ಟೆಬಿಲೈಸರ್ ನಿಧಾನವಾದ ಏರಿಳಿತಕ್ಕೆ ಮಾತ್ರ. ಯುಪಿಎಸ್ ಒಳಗೆ ಚಿಕ್ಕ ವೇರಿಸ್ಟರ್ ಇರಬಹುದು, ದೊಡ್ಡ ಹೊಡೆತಕ್ಕೆ ಸಾಲದು.

ಇನ್ನು ಮನೆಯ ಮೇಲಿನ ಸಿಡಿಲು ಕಂಬಿ. ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಕೊಟ್ಟ ಈ ಉಪಾಯ ಕಟ್ಟಡಕ್ಕೆ ಬೆಂಕಿ ಬೀಳದಂತೆ, ಗೋಡೆ ಸೀಳದಂತೆ ಕಾಪಾಡುತ್ತದೆ. ಒಳಗಿನ ಎಲೆಕ್ಟ್ರಾನಿಕ್ಸ್ ಉಳಿಸುವ ಕೆಲಸ ಅದರದ್ದಲ್ಲ. ಸಿಡಿಲಿನ ಕರೆಂಟೆಲ್ಲ ಗೋಡೆಯ ಪಕ್ಕದಲ್ಲೇ ಇಳಿದು ಹೋಗುವುದರಿಂದ ಒಳಗಿನ ವೈರುಗಳಲ್ಲಿ ಸರ್ಜ್ ಹುಟ್ಟುವ ಸಾಧ್ಯತೆ ಇದ್ದೇ ಇದೆ. ಕಂಬಿ ಇದ್ದರೆ ಟೈಪ್ 1 ಬೇಕು ಅಂದದ್ದು ಅದಕ್ಕೇ.

ಮನೆಗೇ ನೇರವಾಗಿ ಸಿಡಿಲು ಬಡಿದರೆ, ಮೇಲೆ ಹೇಳಿದ್ದೆಲ್ಲ ಮಾಡಿದ್ದರೂ ಕೆಲವು ಸಾಮಾನು ಹೋಗಬಹುದು. ನೂರಕ್ಕೆ ನೂರು ಉಳಿಸುತ್ತೇವೆ ಅನ್ನುವ ಜಾಹೀರಾತನ್ನು ನಂಬಬೇಡಿ.

ಹಂತ 8: ಹೊಡೆತ ಬಿದ್ದ ಮೇಲೆ

ಸುಟ್ಟ ವಾಸನೆ ಬಂದರೆ ಮೊದಲು ಮೈನ್ ಆಫ್. ಸಾಕೆಟ್ಟಿನ ಸುತ್ತ ಮಸಿ ಇದೆಯಾ, ಬೋರ್ಡ್ ಬಿಸಿ ಇದೆಯಾ ನೋಡಿ. ಇದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಮತ್ತೆ ಆನ್ ಮಾಡಬೇಡಿ. ಗೋಡೆಯೊಳಗಿನ ವೈರಿನ ಹೊದಿಕೆ ಸುಟ್ಟಿರಬಹುದು, ಅದು ಗಂಟೆಗಳ ನಂತರ ಹೊತ್ತಿಕೊಳ್ಳಬಹುದು. ಏನನ್ನೂ ಬಿಸಾಕುವ ಮುಂಚೆ ಫೋಟೋ ತೆಗೆದುಕೊಳ್ಳಿ, ವಿಮೆ ಇದ್ದರೆ ಬೇಕಾಗುತ್ತದೆ.

ರೂಟರ್ ಆನ್ ಆಗದಿದ್ದರೆ ಹೊಸದನ್ನು ಕೊಳ್ಳಲು ಓಡಬೇಡಿ. ಮೊದಲು ಅಡಾಪ್ಟರ್ ನೋಡಿ. ಅದೇ ವೋಲ್ಟೇಜ್, ಅದೇ ಆಂಪಿಯರಿನ ಬೇರೆ ಅಡಾಪ್ಟರ್ ಹಾಕಿದಾಗ ರೂಟರ್ ಏಳುವುದು ಎಷ್ಟೋ ಸಲ ಉಂಟು. ಎದ್ದ ಮೇಲೆ ಪೋರ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಂದು ಹೋಗಿ ಉಳಿದವು ಚೆನ್ನಾಗಿರಬಹುದು. ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಮಾತ್ರ ಹೋಗಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ನೆಟ್‌ವರ್ಕ್ ಅಡಾಪ್ಟರ್ ಸಾಕು, ಮದರ್‌ಬೋರ್ಡ್ ಬದಲಾಯಿಸಬೇಕಿಲ್ಲ. ಹೊಡೆತ ತಿಂದು ಉಳಿದ ಉಪಕರಣ ಕೆಲವು ವಾರ ಆಮೇಲೆ ಆಗಾಗ ತಾನೇ ರೀಸ್ಟಾರ್ಟ್ ಆಗತೊಡಗಿದರೆ ಆಶ್ಚರ್ಯ ಪಡಬೇಡಿ, ಒಳಗಿನ ಯಾವುದೋ ಭಾಗ ಅವತ್ತೇ ಅರ್ಧ ಸತ್ತಿರಬಹುದು.

ಎಸ್‌ಪಿಡಿಯ ಕಿಟಕಿ, ಪ್ರೊಟೆಕ್ಟರಿನ ದೀಪ ಎರಡನ್ನೂ ನೋಡಿ. ಕೆಂಪಾಗಿದ್ದರೆ ಅದು ತನ್ನ ಕೆಲಸ ಮಾಡಿದೆ. ಅವತ್ತೇ ಬದಲಾಯಿಸಿ, ಮುಂದಿನ ಸಿಡಿಲು ನಾಳೆಯೇ ಬರಬಹುದು.

ಸಾಮಾನು ಮತ್ತೆ ಕೊಳ್ಳಬಹುದು, ಹಾರ್ಡ್ ಡಿಸ್ಕಿನಲ್ಲಿದ್ದ ಮಕ್ಕಳ ಫೋಟೋ ಮತ್ತೆ ಸಿಗುವುದಿಲ್ಲ. ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕ್ ಕಂಪ್ಯೂಟರಿನ ಜೊತೆಗೇ ಸುಡುತ್ತದೆ. ಬ್ಯಾಕಪ್ ಮುಗಿದ ತಕ್ಷಣ ಡಿಸ್ಕ್ ಕಿತ್ತು ಕಪಾಟಿನಲ್ಲಿಡಿ, ಇನ್ನೊಂದು ಪ್ರತಿ ಮನೆಯಿಂದ ಹೊರಗೆ ಎಲ್ಲಾದರೂ ಇರಲಿ.